ಕಡಲ ಹಸುಗಳು ನೀರು ಕುಡಿಯುವ ಊರು: ಸೆಂಗೋರ್ ಕವಿಯ ಹಾದಿಯಲ್ಲಿ ಐದು ದಿನ

ಮೊದಲ ದಿನ, ಡಕಾರ್

ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ ವಿಮಾನ ಇಳಿದಾಗ ಬೆಳಗಿನ ಜಾವ. ವಿಮಾನ ನಿಲ್ದಾಣ ಇರುವುದು ಜಾಸ್ ಎಂಬಲ್ಲಿ, ರಾಜಧಾನಿ ಡಕಾರಿನಿಂದ ಸುಮಾರು 50 ಕಿ.ಮೀ. ದೂರ. ಜನವರಿ ತಿಂಗಳು. ಚಳಿ ಅಂತ ಹೇಳುವಷ್ಟಲ್ಲ, ಆದರೆ ಗಾಳಿ ತಣ್ಣಗಿತ್ತು. ಸೂರ್ಯ ಮೇಲೆ ಬಂದರೂ ಆಕಾಶ ನೀಲಿಯಾಗಲಿಲ್ಲ. ಸಹಾರಾ ಕಡೆಯಿಂದ ಬೀಸುವ ಹರ್ಮಟ್ಟಾನ್ ಗಾಳಿ ಧೂಳನ್ನು ಹೊತ್ತು ತಂದು ಇಡೀ ಊರಿನ ಮೇಲೆ ತೆಳ್ಳಗೆ ಹರಡಿರುತ್ತದೆ. ಮೂಗು, ತುಟಿ ಎಲ್ಲ ಒಣಗುತ್ತವೆ. ಈ ತಿಂಗಳಲ್ಲಿ ಹೋಗುವವರು ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ಇಟ್ಟುಕೊಂಡರೆ ಉಪಕಾರವಾಗುತ್ತದೆ. ನಮಗೆ ಪ್ರತಿ ರಾತ್ರಿ ಬೇಕಾಯಿತು.

ಸೆನೆಗಲ್‌ಗೆ ಯಾಕೆ ಹೋದಿರಿ ಅಂತ ಎಲ್ಲರೂ ಕೇಳುತ್ತಾರೆ. ಕಾರಣ ನಮ್ಮ ಮನೆಯ ಕಪಾಟಿನಲ್ಲಿತ್ತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಬಂದ ತುಳು ನಿಘಂಟಿನ ಆರು ಸಂಪುಟಗಳು ಅಪ್ಪನ ಆಸ್ತಿ. ಅದರ ಸಂಪಾದಕರಾದ ಡಾ. ಯು.ಪಿ. ಉಪಾಧ್ಯಾಯರು 1970ರ ದಶಕದಲ್ಲಿ ಡಕಾರಿನಲ್ಲಿ ಕೆಲಸ ಮಾಡಿದ್ದರು ಎಂದು ಅಪ್ಪ ಹೇಳುತ್ತಿದ್ದರು. ಉಡುಪಿಯ ಭಾಷಾ ವಿದ್ವಾಂಸರಿಗೂ ಪಶ್ಚಿಮ ಆಫ್ರಿಕಾಕ್ಕೂ ಏನು ಸಂಬಂಧ ಅಂತ ಹುಡುಕುತ್ತಾ ಹೋದಾಗ ಸಿಕ್ಕವರು ಲಿಯೋಪೋಲ್ಡ್ ಸೆಡಾರ್ ಸೆಂಗೋರ್. ಕವಿ. ಹುಟ್ಟಿದ್ದು 1906ರಲ್ಲಿ. 1960ರಲ್ಲಿ ಸೆನೆಗಲ್ ಫ್ರಾನ್ಸಿನಿಂದ ಸ್ವತಂತ್ರವಾದಾಗ ಮೊದಲ ಅಧ್ಯಕ್ಷ. ಆ ದೇಶದ ರಾಷ್ಟ್ರಗೀತೆ ಬರೆದವರೂ ಅವರೇ. ಇಂಗ್ಲಿಷ್ ಅನುವಾದದಲ್ಲಿ ಅವರ ಪದ್ಯಗಳನ್ನು ಓದಿದ ಮೇಲೆ, ಅದರಲ್ಲಿ ಮತ್ತೆ ಮತ್ತೆ ಬರುವ ಊರಿನ ಹೆಸರುಗಳು ತಲೆಯಲ್ಲಿ ಕೂತುಬಿಟ್ಟವು. ಜೊಆಲ್, ಜಿಲೋರ್, ಸಿಮಾಲ್. ನೋಡಲೇಬೇಕು ಅನ್ನಿಸಿತು.

ಮಧ್ಯಾಹ್ನ ಊಟಕ್ಕೆ ಚೆಬು ಜೆನ್. ಟೊಮೆಟೊ ರಸದಲ್ಲಿ ಬೇಯಿಸಿದ ಅನ್ನ, ಮೇಲೆ ದೊಡ್ಡ ಮೀನಿನ ತುಂಡು, ಪಕ್ಕದಲ್ಲಿ ಕ್ಯಾರೆಟ್, ಬದನೆ, ಮರಗೆಣಸು, ಎಲೆಕೋಸು. ಒಂದೇ ಅಗಲವಾದ ಬೋಗುಣಿಯ ಸುತ್ತ ಕೂತು, ಪ್ರತಿಯೊಬ್ಬರೂ ತಮ್ಮ ಮುಂದಿನ ಭಾಗ ಮಾತ್ರ ತಿನ್ನಬೇಕು. ಮನೆಯೊಡತಿ ಮೀನನ್ನು ಮುರಿದು ಎಲ್ಲರ ಕಡೆಗೂ ತಳ್ಳುತ್ತಾಳೆ. ಪಾತ್ರೆಯ ತಳ ಹಿಡಿದ ಅನ್ನಕ್ಕೆ ಇಲ್ಲಿ ಬೇರೆಯೇ ಹೆಸರಿದೆ, ಅದನ್ನು ಕೆರೆದು ಅತಿಥಿಗೆ ಕೊಡುತ್ತಾರೆ. ನಮ್ಮಲ್ಲಿ ಅದಕ್ಕೆ ಮಕ್ಕಳು ಜಗಳ ಆಡುತ್ತಾರಲ್ಲ, ಅದೇ ರುಚಿ.

ಸಂಜೆ ಸಮುದ್ರದಂಚಿನ ರಸ್ತೆಯಲ್ಲಿ ಸೆಂಗೋರ್ ಮನೆಗೆ ಹೋದೆವು. ಈಗ ಮ್ಯೂಸಿಯಂ. ಗೋಡೆಗಳು ಕೆಮ್ಮಣ್ಣಿನ ಬಣ್ಣ, ಮೇಲೆ ಚೂಪು ಚೂಪು. ಅದಕ್ಕೇ ಜನ ಈ ಮನೆಯನ್ನು ‘ಕಡಲಿನ ಹಲ್ಲು’ ಅಂತ ಕರೆಯುತ್ತಾರೆ. ಒಳಗೆ ಅವರ ಓದುವ ಮೇಜು, ಪುಸ್ತಕಗಳು. ನನ್ನನ್ನು ಜಾಸ್ತಿ ಹೊತ್ತು ಹಿಡಿದು ನಿಲ್ಲಿಸಿದ್ದು ಮಗ ಫಿಲಿಪ್ ಮಗಿಲೆನ್‌ನ ಕೋಣೆ. ಆ ಹುಡುಗ 1981ರಲ್ಲಿ ಡಕಾರಿನಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅಪ್ಪ ಅಧ್ಯಕ್ಷ ಪದವಿಯನ್ನು ತಾನಾಗಿ ಬಿಟ್ಟುಕೊಟ್ಟು ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಇಪ್ಪತ್ತು ವರ್ಷ ದೇಶ ಆಳಿ, ಈಗ ಬರೆಯುತ್ತಾ ಕೂರುತ್ತೇನೆ ಅಂತ ಮನೆಗೆ ಬಂದ ಮನುಷ್ಯ ಮೊದಲು ಬರೆಯಬೇಕಾಗಿ ಬಂದ ದೊಡ್ಡ ಪದ್ಯ ಮಗನ ಮೇಲಿನ ಶೋಕಗೀತೆ. ಕಿಟಕಿಯ ಹೊರಗೆ ಅಲೆಗಳ ಸದ್ದು. ನನ್ನ ಹೆಂಡತಿ ಆ ಕೋಣೆಯಿಂದ ಬೇಗ ಹೊರಗೆ ಬಂದಳು.

ಎರಡನೆಯ ದಿನ, ಡಕಾರ್

ಶುಕ್ರವಾರ. ಬೆಳಗ್ಗೆ ಬೆಲ್‌ಏರ್ ಸ್ಮಶಾನ. ಬಂದರಿನ ಹತ್ತಿರ ಇರುವ ಕ್ರೈಸ್ತರ ಸ್ಮಶಾನ ಅದು. ಸೆಂಗೋರ್ ತೀರಿಕೊಂಡಿದ್ದು 2001ರ ಡಿಸೆಂಬರ್ 20ರಂದು, ಫ್ರಾನ್ಸಿನ ನಾರ್ಮಂಡಿಯಲ್ಲಿ. ತಂದು ಮಣ್ಣು ಮಾಡಿದ್ದು ಇಲ್ಲಿ, ಮಗನ ಪಕ್ಕದಲ್ಲಿ. ಸರಳವಾದ ಸಮಾಧಿ. ನಮ್ಮನ್ನು ಕರೆದುಕೊಂಡು ಹೋದ ಟ್ಯಾಕ್ಸಿಯವನು ಮುಸಲ್ಮಾನ. ಗೇಟಿನ ಹತ್ತಿರ ಟೋಪಿ ತೆಗೆದು ನಿಂತ. ದೇಶದ ಬಹುಪಾಲು ಜನ ಮುಸಲ್ಮಾನರು, ಅವರನ್ನು ಇಪ್ಪತ್ತು ವರ್ಷ ಆಳಿದ್ದು ಒಬ್ಬ ಕ್ಯಾಥೊಲಿಕ್. “ಶವಸಂಸ್ಕಾರಕ್ಕೆ ಫ್ರಾನ್ಸಿನ ಅಧ್ಯಕ್ಷರೂ ಬರಲಿಲ್ಲ, ಪ್ರಧಾನಿಯೂ ಬರಲಿಲ್ಲ. ಅವರ ಭಾಷೆಗೆ ಇಷ್ಟು ಮಾಡಿದ ಮನುಷ್ಯ” ಅಂತ ಅವನು ಹೇಳಿದ ರೀತಿ ನೋಡಿದರೆ ಆ ನೋವು ನಿನ್ನೆಯದು ಅನ್ನಬೇಕು. ಅವರಿಬ್ಬರೂ ಬರದಿದ್ದದ್ದು ನಿಜವೂ ಹೌದು. 1983ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಆಫ್ರಿಕನ್ ಅವರು. ಫ್ರೆಂಚರಿಗೇ ಫ್ರೆಂಚ್ ವ್ಯಾಕರಣ ಕಲಿಸಿದ ಮೇಷ್ಟ್ರು. ಕಡೆಯ ಪಯಣಕ್ಕೆ ಬರಬೇಕಿತ್ತು, ಅಲ್ವಾ?

ಅಲ್ಲಿಂದ ವಿಶ್ವವಿದ್ಯಾಲಯಕ್ಕೆ. ನಾವು ತಲುಪಿದ್ದು ಜುಮ್ಮಾ ನಮಾಜಿನ ಹೊತ್ತು. ಶುಕ್ರವಾರ ಮಧ್ಯಾಹ್ನ ಡಕಾರಿನಲ್ಲಿ ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದು. ಬೀದಿಗಳಲ್ಲೇ ಚಾಪೆ ಹಾಸಿರುತ್ತಾರೆ, ವಾಹನ ಮುಂದೆ ಹೋಗುವುದಿಲ್ಲ. ನಾವು ಒಂದು ಬೇವಿನ ಮರದ ಕೆಳಗೆ ಕೂತೆವು. ಹೌದು, ಬೇವು. ಸೆನೆಗಲ್ ತುಂಬಾ ಬೇವಿನ ಮರಗಳು, ಹೆಸರೂ ‘ನಿಮ್’.

ಇಲ್ಲಿಯ ಐಫಾನ್ ಎಂಬ ಸಂಶೋಧನ ಸಂಸ್ಥೆಯ ಪತ್ರಿಕೆಯಲ್ಲಿ 1976ರಲ್ಲಿ ಉಪಾಧ್ಯಾಯರ ಲೇಖನ ಬಂದಿತ್ತು. ದ್ರಾವಿಡ ಭಾಷೆಗಳಿಗೂ ಆಫ್ರಿಕಾದ ಭಾಷೆಗಳಿಗೂ ನಂಟಿದೆಯೇ ಅಂತ. ಅದಕ್ಕೆ ಆಸರೆಯಾಗಿ ನಿಂತವರು ಸೆಂಗೋರ್. 1974ರಲ್ಲಿ ಮದ್ರಾಸಿಗೆ ಬಂದು, ಡಕಾರಿನಲ್ಲಿ ಭಾರತ–ಆಫ್ರಿಕಾ ಅಧ್ಯಯನಕ್ಕೆ ಒಂದು ವಿಭಾಗ ಯಾಕೆ ಬೇಕು ಅಂತ ಭಾಷಣ ಮಾಡಿದ್ದರು. ಆ ನಂಟನ್ನು ಇವತ್ತಿನ ಭಾಷಾವಿಜ್ಞಾನಿಗಳು ಬಹುತೇಕ ಒಪ್ಪುವುದಿಲ್ಲ. ಆದರೂ ಒಂದು ದೇಶದ ಅಧ್ಯಕ್ಷರು ನಮ್ಮ ಕಡೆಯ ಭಾಷೆಗಳನ್ನು ಓದಿಸಬೇಕು ಅಂತ ಹಟ ಹಿಡಿದರು, ಅದಕ್ಕಾಗಿ ಉಪಾಧ್ಯಾಯರೂ ಅವರ ಪತ್ನಿ ಸುಶೀಲಾ ಅವರೂ ಈ ಧೂಳಿನ ಊರಿನಲ್ಲಿ ವರ್ಷಗಟ್ಟಲೆ ದುಡಿದರು. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಮಾಜು ಮುಗಿಸಿ ಬಂದ ಒಬ್ಬ ವಿದ್ಯಾರ್ಥಿ ಪಕ್ಕದಲ್ಲಿ ಕೂತ. ಇತಿಹಾಸ ಓದುತ್ತಿದ್ದಾನೆ. ಸೆಂಗೋರ್ ಅಂದ ಕೂಡಲೇ ಮುಖ ಗಂಟಿಕ್ಕಿದ. “ಈ ವಿಶ್ವವಿದ್ಯಾಲಯದ ಹೆಸರು ಓದಿದಿರಾ? ಶೇಖ್ ಅಂತಾ ಜೋಪ್. ಸೆಂಗೋರ್ ಅಧ್ಯಕ್ಷರಾಗಿರುವವರೆಗೂ ಜೋಪ್ ಅವರಿಗೆ ಇಲ್ಲಿ ಪಾಠ ಮಾಡಲು ಅವಕಾಶ ಸಿಗಲಿಲ್ಲ” ಅಂದ. ಜೋಪ್ ದೊಡ್ಡ ಇತಿಹಾಸಕಾರರು, ರಾಜಕೀಯದಲ್ಲಿ ಸೆಂಗೋರ್‌ಗೆ ಎದುರಾಳಿ. ಐಫಾನ್ ಸಂಸ್ಥೆಯಲ್ಲೇ ಅವರ ಪ್ರಯೋಗಾಲಯ ಇತ್ತು. ಪ್ರಾಧ್ಯಾಪಕರಾದದ್ದು ಮಾತ್ರ 1981ರಲ್ಲಿ. “ನಮ್ಮ ವೊಲೊಫ್ ಭಾಷೆಯಲ್ಲಿ ಬರೆಯಬೇಕು ಅಂತ ಜೋಪ್ ಹೇಳಿದರು. ಸೆಂಗೋರ್ ಫ್ರೆಂಚಿನಲ್ಲಿ ಬರೆದರು. ನಮಗೆ ಯಾರು ಬೇಕು ನೀವೇ ಹೇಳಿ.” ನಾನು ಉತ್ತರ ಕೊಡಲಿಲ್ಲ. ಕನ್ನಡದವನಾಗಿ ನನಗೆ ಅವನ ಮಾತು ತಟ್ಟನೆ ಅರ್ಥವಾಯಿತು. ಆದರೆ ಬ್ಯಾಗಿನಲ್ಲಿದ್ದ ಪದ್ಯಗಳನ್ನು ಬಿಡಲೂ ಮನಸ್ಸಿರಲಿಲ್ಲ.

ಮೂರನೆಯ ದಿನ, ಜೊಆಲ್ ದಾರಿ

ಪಿಕಿನ್‌ನ ಬಸ್ ನಿಲ್ದಾಣದಿಂದ ‘ಸೆತ್‌ಪ್ಲಾಸ್’ ಹಿಡಿದೆವು. ಹಾಗೆಂದರೆ ಏಳು ಸೀಟು. ಹಳೆಯ ಪ್ಯೂಜೊ ಕಾರು, ಏಳು ಜನ ತುಂಬಿದ ಮೇಲೇ ಹೊರಡುತ್ತದೆ. ಹಿಂದಿನ ಸಾಲು ತುಂಬಾ ಇಕ್ಕಟ್ಟು, ಉದ್ದ ಕಾಲಿನವರು ಬೇಗ ಹೋಗಿ ನಡುಸಾಲು ಹಿಡಿಯುವುದು ಒಳ್ಳೆಯದು. ಲಗೇಜಿಗೆ ಬೇರೆ ದುಡ್ಡು ಕೇಳುತ್ತಾರೆ, ಅದನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಚಿಲ್ಲರೆ ನೋಟು ಇಟ್ಟುಕೊಂಡಿರಬೇಕು, ಹತ್ತು ಸಾವಿರದ ಫ್ರಾಂಕ್ ನೋಟು ತೆಗೆದರೆ ಎಲ್ಲರೂ ತಲೆಯಾಡಿಸುತ್ತಾರೆ.

ಹೊರಟ ಸ್ವಲ್ಪದರಲ್ಲೇ ತ್ಯಾರೋಯ್ ಬರುತ್ತದೆ. ಈಗ ಮನೆ, ಅಂಗಡಿ, ಗ್ಯಾರೇಜು ತುಂಬಿದ ಪ್ರದೇಶ. 1944ರ ಡಿಸೆಂಬರ್ 1ರಂದು ಇಲ್ಲಿಯ ಸೇನಾ ಶಿಬಿರದಲ್ಲಿ ಫ್ರೆಂಚ್ ಸೈನ್ಯ ತನ್ನದೇ ಆಫ್ರಿಕನ್ ಸೈನಿಕರ ಮೇಲೆ ಗುಂಡು ಹಾರಿಸಿತು. ಫ್ರಾನ್ಸಿಗಾಗಿ ಹೋರಾಡಿ, ಜರ್ಮನರ ಸೆರೆಯಲ್ಲಿ ನರಳಿ, ವಾಪಸ್ ಬಂದವರು. ಬಾಕಿ ಸಂಬಳ ಕೇಳಿದ್ದೇ ತಪ್ಪಾಯಿತು. ಎಷ್ಟು ಜನ ಸತ್ತರು ಎಂಬುದು ಇವತ್ತಿಗೂ ಜಗಳದ ವಿಷಯ. ಅದು ಹತ್ಯಾಕಾಂಡ ಅಂತ ಫ್ರಾನ್ಸಿನ ಅಧ್ಯಕ್ಷರು ಒಪ್ಪಿಕೊಂಡಿದ್ದು 2024ರಲ್ಲಿ. ಸೆಂಗೋರ್ ಅದರ ಮೇಲೆ ಆಗಲೇ ಪದ್ಯ ಬರೆದರು. ಅವರೂ ಅದೇ ಯುದ್ಧದಲ್ಲಿ ಸೈನಿಕರಾಗಿದ್ದವರು. 1940ರ ಜೂನ್‌ನಲ್ಲಿ ಸೆರೆಸಿಕ್ಕು 1942ರವರೆಗೆ ಜರ್ಮನರ ಶಿಬಿರಗಳಲ್ಲಿದ್ದರು. ಅಲ್ಲಿ ಬರೆದ ಪದ್ಯಗಳೂ ತ್ಯಾರೋಯ್ ಪದ್ಯವೂ 1948ರ ಅವರ ಎರಡನೆಯ ಸಂಕಲನದಲ್ಲಿವೆ. ಕಾರು ನಿಲ್ಲಲಿಲ್ಲ, ಕಿಟಕಿಯಿಂದಲೇ ನೋಡಿದೆ.

ಎಂಬೂರ್ ದಾಟಿದ ಮೇಲೆ ಟೈರ್ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಚಾಲಕ ಟೈರನ್ನು ಇನ್ನೊಂದು ಗಾಡಿಗೆ ಹೇರಿಕೊಂಡು ಹೋದ, ನಾವು ಆರೇಳು ಜನ ಗೋರಖ ಹುಣಸೆ ಮರದ ಬುಡದಲ್ಲಿ ಎರಡು ತಾಸು ಕೂತೆವು. ಎಲೆಯೇ ಇಲ್ಲದ, ಬೂದು ಬಣ್ಣದ, ಆನೆಯ ಚರ್ಮದಂಥ ಆ ಮರವನ್ನು ಅವರು ಬಾವೋಬಾಬ್ ಅನ್ನುತ್ತಾರೆ. ಒಬ್ಬಾಕೆ ಹುರಿದ ಕಡಲೆಕಾಯಿ ಹಂಚಿದಳು. ಇಡೀ ದೇಶ ಒಂದು ಕಾಲದಲ್ಲಿ ಈ ಕಡಲೆಕಾಯಿಯ ಮೇಲೇ ನಿಂತಿತ್ತು, ಕವಿಯ ಅಪ್ಪನೂ ಕಡಲೆಕಾಯಿ ವ್ಯಾಪಾರಿ.

ಆ ಎರಡು ತಾಸಿನಲ್ಲಿ ನಾನು ಕಲಿತಷ್ಟು ಯಾವ ಮ್ಯೂಸಿಯಂನಲ್ಲೂ ಕಲಿಯಲಿಲ್ಲ. ನಮ್ಮ ಜೊತೆ ಒಬ್ಬರು ನಿವೃತ್ತ ಮೇಷ್ಟ್ರಿದ್ದರು, ಇಂಗ್ಲಿಷ್ ಬರುತ್ತಿತ್ತು. ಅವರು ಸೆರೇರ್ ಜನ, ಎದುರಿಗಿದ್ದ ಹುಡುಗ ಜೋಲಾ ಜನ. ಪರಿಚಯವೇ ಇಲ್ಲದ ಇಬ್ಬರೂ ಹೆಸರು ಕೇಳಿದ ಕೂಡಲೇ “ನೀನು ನನ್ನ ಆಳು” “ಇಲ್ಲ, ನೀನೇ ನನ್ನ ಆಳು” ಅಂತ ಕಿಚಾಯಿಸಲು ಶುರು ಮಾಡಿದರು. ಈ ಎರಡು ಜನಾಂಗಗಳ ನಡುವೆ ಅಂಥ ತಮಾಷೆಯ ನಂಟು ಹಿಂದಿನಿಂದ ಬಂದಿದೆ, ಯಾರೂ ಸಿಟ್ಟಾಗುವ ಹಾಗಿಲ್ಲ. ನಮ್ಮಲ್ಲಿ ಭಾವ ಮೈದುನರು ಆಡಿದ ಹಾಗೆ.

ಮೇಷ್ಟ್ರಿಗೆ ಸೆಂಗೋರ್ ಮೇಲೆ ಪ್ರೀತಿ, ಆದರೆ ಕಣ್ಣು ಮುಚ್ಚಿದ ಪ್ರೀತಿ ಅಲ್ಲ. “ಮಮಾದು ಜಾ ಅವರ ಮೊದಲ ಪ್ರಧಾನಿ, ಹಳೆಯ ಗೆಳೆಯ. 1962ರಲ್ಲಿ ಇಬ್ಬರಿಗೂ ಬಿತ್ತು. ಗೆಳೆಯನನ್ನು ಜೈಲಿಗೆ ಹಾಕಿಸಿದರು. ಬಿಡುಗಡೆಯಾಗಿದ್ದು 1974ರಲ್ಲಿ. ಅದನ್ನು ನಾನು ಮರೆಯುವುದಿಲ್ಲ” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದರೆ ಕುರ್ಚಿಯನ್ನು ತಾವೇ ಬಿಟ್ಟು ಎದ್ದು ಹೋದರು. ಈ ಖಂಡದಲ್ಲಿ ಆಗ ಹಾಗೆ ಯಾರು ಎದ್ದು ಹೋಗುತ್ತಿದ್ದರು?” ಅಂದರು. ನನಗೂ ಎರಡೂ ನಿಜ ಅನ್ನಿಸಿತು. ಹನ್ನೆರಡು ವರ್ಷದ ಆ ಜೈಲನ್ನು ಒಳ್ಳೆಯ ಪದ್ಯಗಳಿಂದ ಮುಚ್ಚಲು ಆಗುವುದಿಲ್ಲ.

ಎನ್‌ಗಾಸೋಬಿಲ್ ದಾಟುವಾಗ ಮೇಷ್ಟ್ರು ಕೈ ತೋರಿಸಿದರು. ಮರಗಳ ನಡುವೆ ಪಾದ್ರಿಗಳ ಶಾಲೆ. ಏಳೆಂಟು ವರ್ಷದ ಸೆಂಗೋರ್ ಇಲ್ಲೇ ಫ್ರೆಂಚ್ ಕಲಿತದ್ದು. ಮುಂದೆ ಪಾದ್ರಿಯಾಗಬೇಕು ಅಂತ ಡಕಾರಿಗೆ ಹೋದ ಹುಡುಗನಿಗೆ ನಿನಗೆ ಇದು ಆಗಿಬರುವುದಿಲ್ಲ ಅಂದರಂತೆ. ಅವರು ಹಾಗನ್ನದಿದ್ದರೆ 1928ರಲ್ಲಿ ಪ್ಯಾರಿಸ್ ಇಲ್ಲ, ಅಲ್ಲಿ ಮಾರ್ಟಿನಿಕ್ ದ್ವೀಪದ ಕವಿ ಏಮೆ ಸೆಜೇರ್ ಅವರ ಗೆಳೆತನ ಇಲ್ಲ, ಕಪ್ಪು ಜನರ ಬದುಕಿಗೂ ಕಲೆಗೂ ತಲೆ ಎತ್ತಿ ನಿಲ್ಲುವ ಹಕ್ಕಿದೆ ಎಂದ ‘ನೆಗ್ರಿಟ್ಯೂಡ್’ ಚಳವಳಿಯೂ ಬೇರೆ ಥರ ಇರುತ್ತಿತ್ತು.

ಜೊಆಲ್ ಮುಟ್ಟಿದಾಗ ಸಂಜೆ. ಊರಿಗೆ ಮೊದಲು ಬರುವುದು ವಾಸನೆ. ದಂಡೆಯುದ್ದಕ್ಕೂ ಬಣ್ಣ ಬಣ್ಣದ ಉದ್ದ ದೋಣಿಗಳು, ಹೊಗೆ ಹಾಕುವ ಒಲೆಗಳು, ಒಣಮೀನಿನ ಅಟ್ಟಗಳು. “ಇದು ಮಲ್ಪೆಯೇ ಅಲ್ವಾ ಮಾರಾಯ್ರೆ?” ಅಂದಳು ಹೆಂಡತಿ.

ಕವಿ ಹುಟ್ಟಿದ ಊರು ಇದೇ. ಅಪ್ಪ ಬಾಜಿಲ್ ಜೊಗೋಯ್ ಸೆಂಗೋರ್ ಅವರ ಮನೆ ಈಗ ಮ್ಯೂಸಿಯಂ, ಹೆಸರು ‘ಎಂಬಿನ್ ಜೊಗೋಯ್’. ಜೊಗೋಯ್ ಅಂದರೆ ಸೆರೇರ್ ಭಾಷೆಯಲ್ಲಿ ಸಿಂಹ. ಸೀನ್ ಎಂಬ ಸೆರೇರ್ ರಾಜ್ಯದ ರಾಜ ಕುಂಬಾ ಎಂದೊಫೆನ್ ಜೂಫ್ ಹಾಡುಗಾರರ ಜೊತೆ ಅಪ್ಪನನ್ನು ನೋಡಲು ಬರುತ್ತಿದ್ದ ನೆನಪು ಪದ್ಯಗಳಲ್ಲಿ ಬರುತ್ತದೆ. ‘ಜೊಆಲ್’ ಎಂಬ ಪದ್ಯದಲ್ಲಂತೂ ‘ನೆನಪಿದೆ, ನೆನಪಿದೆ’ ಎಂಬ ಮಾತು ಅಲೆಯ ಹಾಗೆ ಮರಳಿ ಬರುತ್ತದೆ. ಅಂಗಳದಲ್ಲಿ ಕೂತು ಹೆಂಡತಿಗೆ ಅದನ್ನು ಓದಿ ಹೇಳಿದೆ. ಕಾವಲುಗಾರ ಬಾಗಿಲು ಹಾಕದೆ ಕಾದ.

ನಾಲ್ಕನೆಯ ದಿನ, ಫಾದಿಯೂತ್

ಜೊಆಲ್‌ನಿಂದ ಮರದ ಸೇತುವೆ ದಾಟಿದರೆ ಫಾದಿಯೂತ್ ದ್ವೀಪ. ನೆಲವೆಲ್ಲ ಚಿಪ್ಪು. ತಲೆಮಾರುಗಳಿಂದ ಜನ ಮರುವಾಯಿಯಂಥದ್ದನ್ನು ತಿಂದು ಎಸೆದ ಚಿಪ್ಪುಗಳೇ ಸೇರಿ ದ್ವೀಪವಾಗಿದೆ. ನಡೆದರೆ ಕರಕರ ಸದ್ದು. ಹೆಂಡತಿಯ ಚಪ್ಪಲಿಯ ಬಾರು ಕಿತ್ತುಹೋಗಿ ಹಿಮ್ಮಡಿಗೆ ಚಿಪ್ಪು ತಾಗಿತು, ರಕ್ತ ಬಂತು. ಒಬ್ಬ ಅಜ್ಜಿ ಮನೆಯೊಳಗೆ ಕರೆದು, ತೊಳೆದು, ಬಟ್ಟೆ ಕಟ್ಟಿ, ತನ್ನ ಮಗಳ ಬೂಟನ್ನೇ ಕೊಟ್ಟು ಕಳಿಸಿದಳು. ದುಡ್ಡು ಮುಟ್ಟಲಿಲ್ಲ. ದಪ್ಪ ತಳದ ಬೂಟು ಹಾಕಿಕೊಂಡೇ ಹೋಗಿ.

ಭಾನುವಾರವಾದ್ದರಿಂದ ಚರ್ಚಿನಲ್ಲಿ ಪೂಜೆ, ಡೋಲಿನ ಜೊತೆ. ಇಲ್ಲಿ ಕ್ರೈಸ್ತರು ಜಾಸ್ತಿ, ಮುಸಲ್ಮಾನರು ಕಡಿಮೆ. ಆದರೆ ಇನ್ನೊಂದು ಸೇತುವೆ ದಾಟಿ ಹೋಗುವ ಸ್ಮಶಾನ ಇಬ್ಬರಿಗೂ ಒಂದೇ. ಬಿಳಿ ಚಿಪ್ಪಿನ ಗುಡ್ಡದ ಮೇಲೆ ಶಿಲುಬೆಗಳು, ಅದರ ಪಕ್ಕದಲ್ಲೇ ಮುಸಲ್ಮಾನರ ಗೋರಿಗಳು, ನಡುವೆ ಬಾವೋಬಾಬ್. ಆಚೆ ನೀರಿನ ಮೇಲೆ ಕಂಬದ ಕಾಲುಗಳ ಕಣಜಗಳು. ಊರಿಗೆ ಬೆಂಕಿ ಬಿದ್ದರೂ ಧಾನ್ಯ ಉಳಿಯಲಿ ಅಂತ ಹಾಗೆ ಕಟ್ಟಿದ್ದು. ರಾತ್ರಿ ಊಟಕ್ಕೆ ಸಜ್ಜೆಯ ಕುಸ್‌ಕುಸ್. ಹಬೆಯಲ್ಲಿ ಬೇಯಿಸಿದ ಸಜ್ಜೆ ರವೆ, ಮೇಲೆ ಮೀನಿನ ಸಾರು. ಬಾಯಲ್ಲಿ ಆ ಸಜ್ಜೆಯ ಒರಟು ಸಿಹಿ ಇನ್ನೂ ಇದೆ.

ಐದನೆಯ ದಿನ, ಜಿಲೋರ್ ಮತ್ತು ಸಿಮಾಲ್

ನಾನು ಮುಖ್ಯವಾಗಿ ಬಂದಿದ್ದೇ ಈ ದಿನಕ್ಕೆ. ಫಿಮೆಲಾವರೆಗೆ ಗಾಡಿ, ಅಲ್ಲಿಂದ ಕುದುರೆ ಬಂಡಿ. ತಾಳೆ ಮರಗಳು ಮುಗಿದ ಮೇಲೆ ಉಪ್ಪು ಬಯಲು, ಅದಕ್ಕೆ ‘ತಾನ್’ ಅನ್ನುತ್ತಾರೆ. ಏನೂ ಬೆಳೆಯದ ಬಿಳಿ ನೆಲ, ದೂರದಲ್ಲಿ ಕಾಂಡ್ಲಾ ಕಾಡಿನ ಹಸಿರು ಗೆರೆ. ಒಂದು ಕಡೆ ಭರತದ ನೀರು ಹೊಕ್ಕು ನೆಲ ಹಸಿಯಾಗಿತ್ತು, ಬಂಡಿಯ ಚಕ್ರ ಹೂತುಹೋಯಿತು. ಎಲ್ಲರೂ ಇಳಿದು ನೂಕಿದೆವು. ಮೊಣಕಾಲವರೆಗೆ ಬೂದು ಕೆಸರು.

ಜಿಲೋರ್‌ನಲ್ಲಿ ಕವಿಯ ಬಾಲ್ಯ ಕಳೆಯಿತು. ಅಲ್ಲಿ ಅವರಿಗೆ ಲೋಕ ತೋರಿಸಿದ್ದು ಸೋದರಮಾವ ಟೋಕೊ ವಾಲಿ. ಮಾವನ ಜೊತೆ ದನ ಕಾಯುತ್ತಾ, ನಕ್ಷತ್ರ ನೋಡುತ್ತಾ, ಸತ್ತ ಹಿರಿಯರ ಮಾತು ಕೇಳುತ್ತಾ ಅಲೆದ ಹುಡುಗ ಕೈ ತಪ್ಪುತ್ತಾನೆ ಅಂತಲೇ ಅಪ್ಪ ಪಾದ್ರಿಗಳ ಶಾಲೆಗೆ ಸೇರಿಸಿದ್ದು. ಸೆರೇರ್ ಜನರಲ್ಲಿ ತಾಯಿಯ ಕಡೆಯ ವಂಶಕ್ಕೆ, ಸೋದರಮಾವನಿಗೆ ಬೆಲೆ ಜಾಸ್ತಿ. ಅಳಿಯಕಟ್ಟಿನ ಊರಿನಿಂದ ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಉಪಾಧ್ಯಾಯರು ಇಲ್ಲಿ ಏನು ಕಂಡು ಬೆರಗಾಗಿರಬಹುದು ಅಂತ ಆಗ ಹೊಳೆಯಿತು.

ಅಲ್ಲಿಂದ ಸಿಮಾಲ್. ನದಿಯ ತೋಳಿನ ಪಕ್ಕದ ಪುಟ್ಟ ಹಳ್ಳಿ. 1956ರ ಸಂಕಲನದ ಕೊನೆಗೆ ಸೆಂಗೋರ್ ಒಂದು ಗದ್ಯ ಬರೆದಿದ್ದಾರೆ. ನಿಮ್ಮ ಪದ್ಯ ಯಾರನ್ನು ನೋಡಿ ಬರೆದದ್ದು ಅಂತ ಫ್ರಾನ್ಸಿನ ವಿಮರ್ಶಕರು ಕೇಳುತ್ತಿದ್ದರು, ಅದಕ್ಕೆ ಉತ್ತರ ಅದು. ಕಡಲ ಹಸುಗಳು, ಅಂದರೆ ಮನಾಟಿಗಳು, ಸಿಮಾಲ್‌ನ ಒರತೆಗೆ ಸಿಹಿನೀರು ಕುಡಿಯಲು ಹೋಗುವ ಹಾಗೆ ನಾವೂ ನಮ್ಮ ಮೂಲಕ್ಕೆ ಹೋಗುತ್ತೇವೆ ಅನ್ನುತ್ತಾರೆ. ಆಮೇಲೆ ತನ್ನ ಗುರುಗಳ ಹೆಸರು ಹೇಳುತ್ತಾರೆ. ಪ್ಯಾರಿಸ್ಸಿನ ದೊಡ್ಡ ಕವಿಗಳಲ್ಲ, ಮೂವರು ಹಳ್ಳಿ ಹೆಂಗಸರು: ಕುಂಬಾ ಎಂಜಾಯ್, ಸಿಗಾ ಜೂಫ್, ಮರೋನ್ ಎಂಜಾಯ್. ಕುಸ್ತಿ ನಡೆಯುವಾಗ ಪೈಲ್ವಾನರನ್ನು ಹೊಗಳಿ ಹಾಡು ಕಟ್ಟುತ್ತಿದ್ದವರು. ತಮ್ಮ ಎಷ್ಟೋ ಪದ್ಯಗಳ ಮೇಲೆ ಅವರು ‘ಕೋರಾ ಜೊತೆಗೆ’, ‘ಬಾಲಫೋನ್ ಜೊತೆಗೆ’ ಅಂತ ವಾದ್ಯದ ಹೆಸರು ಬರೆದಿರುತ್ತಾರೆ. ದಾಸರ ಪದಗಳ ಮೇಲೆ ರಾಗ, ತಾಳ ಬರೆದಿರುತ್ತಾರಲ್ಲ, ಹಾಗೆ. ಫ್ರೆಂಚಿನಲ್ಲಿ ಬರೆದರೂ ಕಿವಿ ಇಲ್ಲಿಯದೇ. ಡಕಾರಿನ ಆ ಹುಡುಗನಿಗೆ ನಾನು ಹೇಳಬೇಕಿದ್ದ ಮಾತು ಇದು. ಅವನ ಪ್ರಶ್ನೆ ಇದರಿಂದ ಮುಗಿಯುವುದಿಲ್ಲ, ಗೊತ್ತು. ಮರೋನ್‌ಗೆ ಫ್ರೆಂಚ್ ಪುಸ್ತಕದಿಂದ ಏನು ಸಿಕ್ಕಿತು ಅಂತ ಅವನು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ನೀರಿನ ಹತ್ತಿರ ಕೂತೆವು. ಮನಾಟಿ ಒಂದೂ ಕಾಣಲಿಲ್ಲ. ಅವು ಈಗ ತುಂಬಾ ಕಡಿಮೆಯಾಗಿವೆ. ಸಜ್ಜೆ ಕುಟ್ಟುತ್ತಿದ್ದ ಮೂವರು ಹೆಂಗಸರು ಒನಕೆ ನಿಲ್ಲಿಸಿ ನಮ್ಮ ಬಳಿಗೆ ಬಂದರು. ಬಂಡಿಯ ಹುಡುಗ ಮಾತು ದಾಟಿಸಿದ. ಮರೋನ್ ಹೆಸರು ಹೇಳಿದೆ. ಹಿರಿಯಳು ನಕ್ಕು, ಒನಕೆಯ ಪೆಟ್ಟಿಗೆ ಸರಿಯಾಗಿ ಎರಡು ಸಾಲು ಹಾಡಿದಳು. ಅದು ಮರೋನ್‌ದಲ್ಲ, ತನ್ನ ಅತ್ತೆ ಕಟ್ಟಿದ್ದು ಅಂದಳು. ಅತ್ತೆಯ ಹೆಸರು, ಅವಳ ಊರು, ಯಾವ ಪೈಲ್ವಾನನ ಮೇಲೆ ಕಟ್ಟಿದ್ದು ಎಲ್ಲ ಹೇಳಿದಳು.

ಈಗ ನಿಮ್ಮದು ಅಂದರು. ಹೆಂಡತಿ ಸ್ವಲ್ಪ ನಾಚಿಕೊಂಡಳು. ಆಮೇಲೆ ನೇಜಿ ನೆಡುವಾಗ ಅವಳ ಅಜ್ಜಿ ಹೇಳುತ್ತಿದ್ದ ತುಳು ಕಬಿತ ಒಂದನ್ನು ತೆಗೆದಳು. ಎರಡನೆಯ ಸಾಲಿಗೆ ಆ ಮೂವರೂ ಚಪ್ಪಾಳೆ ಹಿಡಿದರು. ತಾಳ ಒಂದು ಸಲವೂ ತಪ್ಪಲಿಲ್ಲ.

ಹಾಡು ಮುಗಿದ ಮೇಲೆ ಹಿರಿಯಳು ಕೇಳಿದಳು, “ಇದನ್ನು ಕಟ್ಟಿದವಳು ಯಾರು?”

“ಗೊತ್ತಿಲ್ಲ” ಅಂದಳು ಹೆಂಡತಿ.

ಹುಡುಗ ಅದನ್ನು ಸೆರೇರ್‌ನಲ್ಲಿ ಹೇಳಿದ. ಅವಳಿಗೆ ಅರ್ಥವಾಗಲಿಲ್ಲ ಅಂತ ಕಾಣುತ್ತದೆ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದಳು.